ಮನೆ ಕಾರು ಓಟಕ್ಕಿಳಿದ ಕಥೆ

2023ರ ಅಕ್ಟೋಬರ್ 30. ಅಂದು ಮುಂಬಯಿಯ ರಸ್ತೆಗಳಿಂದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ಅಧಿಕೃತವಾಗಿ ವಿದಾಯ ಹೇಳಿತು. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು, ನಮ್ಮ ಗ್ರಾಂಟ್ ರೋಡ್ ಪಕ್ಕದ ತಾಡ್‌ದೇವ್ ಆರ್‌ಟಿಓದಲ್ಲಿ. ಮುಂಬಯಿಯಲ್ಲಿ ಟ್ಯಾಕ್ಸಿಯ ಆಯುಷ್ಯ ಇಪ್ಪತ್ತು ವರ್ಷ. ಲೆಕ್ಕ ಅಲ್ಲಿಗೆ ಮುಗಿಯಿತು. ಟಿ.ವಿ.ಯಲ್ಲಿ ಆ ಸುದ್ದಿ ನೋಡುತ್ತಾ ಅಮ್ಮ ಮೆಲ್ಲಗೆ ಹೇಳಿದಳು: "ನಮ್ಮ ಪದ್ಮಿನಿಯನ್ನು ಒಂದು ಸಲವಾದರೂ ನಾನು ಓಡಿಸಬೇಕಿತ್ತು ನೋಡು."

ನಾನು ಬೆಚ್ಚಿಬಿದ್ದೆ. ಅಪ್ಪ ಸೆಕೆಂಡ್ ಹ್ಯಾಂಡ್ ಕೊಂಡಿದ್ದ ಆ ತಿಳಿನೀಲಿ ಪದ್ಮಿನಿಯಲ್ಲಿ ಅಮ್ಮ ಊರಿಗೆ ಹೋಗಿದ್ದಾಳೆ, ಸಂಘದ ಕಾರ್ಯಕ್ರಮಗಳಿಗೆ ಬಂದಿದ್ದಾಳೆ, ನನ್ನನ್ನು ಜ್ವರದಲ್ಲಿ ಡಾಕ್ಟರ ಬಳಿ ಕರೆದೊಯ್ದಿದ್ದಾಳೆ. ಎಲ್ಲ ಸಲವೂ ಪಕ್ಕದ ಸೀಟಿನಲ್ಲಿ. ಆದರೆ ಅವಳ ಗೋದ್ರೆಜ್ ಕಪಾಟಿನಲ್ಲಿ, ಸೀರೆಗಳ ಅಡಿಯಲ್ಲಿ, ಒಂದು ಹಳೆಯ ಲರ್ನಿಂಗ್ ಲೈಸೆನ್ಸ್ ಇತ್ತು. ಅದರ ಅವಧಿ ಮುಗಿದು ಎಷ್ಟೋ ವರ್ಷವಾಗಿತ್ತು. ಪಕ್ಕಾ ಲೈಸೆನ್ಸ್ ಯಾಕೆ ಮಾಡಿಸಲಿಲ್ಲ ಎಂದು ಕೇಳಿದೆ. "ಯಾರೂ ಬೇಡ ಅನ್ನಲಿಲ್ಲ. ಯಾರೂ ಕೀಲಿಕೈ ಕೊಡಲೂ ಇಲ್ಲ" ಎಂದಳು.

ನಮ್ಮ ಮಹಿಳಾ ವಿಭಾಗದವರು ಈ ಇ-ಸ್ಮರಣ ಸಂಚಿಕೆಗೆ ಲೇಖನ ಕೇಳಿದಾಗ, ಐಟಿಯವಳಲ್ಲವೇ, ಕೃತಕ ಬುದ್ಧಿಮತ್ತೆಯ ಬಗ್ಗೆ ಬರೆಯುತ್ತಾಳೆ ಎಂದುಕೊಂಡಿರಬಹುದು. ಆದರೆ ಅಮ್ಮನ ಆ ಮಾತಿನ ನಂತರ ನಾನು ಬೇರೊಂದು ವಿಷಯದ ಬೆನ್ನು ಹತ್ತಿದ್ದೇನೆ. ಅದು ಸಾಮಾನ್ಯ ಮನೆಯ ಕಾರುಗಳ ಓಟದ ಇತಿಹಾಸ. ಇಂಗ್ಲಿಷಿನವರು ಅದನ್ನು ಟೂರಿಂಗ್ ಕಾರ್ ರೇಸಿಂಗ್ ಎನ್ನುತ್ತಾರೆ.

ಫಾರ್ಮುಲಾ ಒನ್ ಎಲ್ಲರಿಗೂ ಗೊತ್ತು. ಅದರ ಕಾರನ್ನು ಓಟಕ್ಕೆಂದೇ ಕಟ್ಟುತ್ತಾರೆ. ಒಬ್ಬನೇ ಕೂರುವ ಜಾಗ, ತೆರೆದ ಚಕ್ರ. ಅದರಲ್ಲಿ ಹಾಲು ತರಲು ಹೋಗುವಂತಿಲ್ಲ. ಟೂರಿಂಗ್ ಕಾರು ಹಾಗಲ್ಲ. ಶೋರೂಮಿನಲ್ಲಿ ನಾವು ನೀವು ಕೊಳ್ಳುವ ಕಾರನ್ನೇ ತೆಗೆದುಕೊಂಡು, ಹಿಂದಿನ ಸೀಟು ಕಿತ್ತು, ಒಳಗೆ ಉಕ್ಕಿನ ಪಂಜರ ಕೂರಿಸಿ, ಎಂಜಿನ್ನು, ಬ್ರೇಕು, ಸಸ್ಪೆನ್ಷನ್ನುಗಳನ್ನು ನಿಯಮದ ಮಿತಿಯೊಳಗೆ ಬಲಪಡಿಸಿ ಓಡಿಸುವುದು. ಕಂಪನಿ ಆ ಮಾದರಿಯನ್ನು ನಿಜವಾಗಿಯೂ ಜನರಿಗಾಗಿ ತಯಾರಿಸಿದೆ ಎಂಬುದಕ್ಕೆ ಪುರಾವೆ ಕೊಡಬೇಕು. 1982ರಲ್ಲಿ ಜಾರಿಗೆ ಬಂದ 'ಗ್ರೂಪ್ ಎ' ನಿಯಮದ ಪ್ರಕಾರ ಹನ್ನೆರಡು ತಿಂಗಳಲ್ಲಿ 5000 ಕಾರು ತಯಾರಾಗಿರಬೇಕಿತ್ತು. ಅಂದರೆ ಕಣದಲ್ಲಿ ಓಡುವ ಪ್ರತಿ ಕಾರಿನ ಹಿಂದೆ ಸಾವಿರಾರು ಸಂಸಾರಗಳ ಕಾರುಗಳಿವೆ. ಈ ಆಟದ ಜೀವ ಇರುವುದೇ ಅಲ್ಲಿ.

ನಮ್ಮ ಪದ್ಮಿನಿಯ ವಂಶಾವಳಿಯಲ್ಲೂ ಓಟದ ರಕ್ತವಿದೆ. ವಾಲ್‌ಚಂದ್ ಹೀರಾಚಂದ್ ಅವರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಕುರ್ಲಾದ ಕಾರ್ಖಾನೆಯಲ್ಲಿ ಮೊದಲು ಅಮೆರಿಕದ ಕಾರುಗಳನ್ನು ಜೋಡಿಸುತ್ತಿತ್ತು. ಆಮೇಲೆ ಇಟಲಿಯ ಫಿಯೆಟ್ ಜೊತೆ ಒಪ್ಪಂದವಾಗಿ, 1950ರ ದಶಕದಲ್ಲಿ ಫಿಯೆಟ್ 1100 ಇಲ್ಲಿಗೆ ಬಂತು. ಅದೇ ಕಾರು ಮುಂದೆ ಪ್ರೀಮಿಯರ್ ಪ್ರೆಸಿಡೆಂಟ್ ಆಗಿ, 1974ರಿಂದ ಪದ್ಮಿನಿ ಎಂಬ ಹೆಸರು ಪಡೆಯಿತು. 1089 ಸಿಸಿ ಎಂಜಿನ್, ಸುಮಾರು 40 ಅಶ್ವಶಕ್ತಿ, ಸ್ಟಿಯರಿಂಗಿನ ಪಕ್ಕದಲ್ಲೇ ಗೇರಿನ ಕಡ್ಡಿ. ಇದೇ 1100 ಎಂಬ ಹೆಸರಿನ ಹಳೆಯ ಪೀಳಿಗೆಯ ಫಿಯೆಟ್ 1100ಎಸ್ ಕಾರುಗಳು 1948ರಲ್ಲಿ ಇಟಲಿಯ ಪ್ರಸಿದ್ಧ ಮಿಲ್ಲೆ ಮಿಲ್ಯ ಓಟದಲ್ಲಿ ಎರಡು, ಮೂರು, ನಾಲ್ಕನೆಯ ಸ್ಥಾನಗಳನ್ನು ಬಾಚಿಕೊಂಡವು. ಅವುಗಳಿಗಿಂತ ಮುಂದೆ ಬಂದದ್ದು ಒಂದು ಫೆರಾರಿ ಮಾತ್ರ! ನಮ್ಮಲ್ಲೂ ಮದ್ರಾಸಿನ ಹತ್ತಿರದ ಶೋಳಾವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ವಿಮಾನಪಟ್ಟಿಯ ಮೇಲೆ, ದಶಕಗಳ ಕಾಲ ಫಿಯೆಟ್, ಅಂಬಾಸಿಡರ್, ಹೆರಾಲ್ಡ್‌ಗಳು ಸೆಣಸಿದವು. ಬೇರೆ ಕಾರು ಸಿಗದ ಲೈಸೆನ್ಸ್ ರಾಜ್ಯದ ಕಾಲ. ವಾರವಿಡೀ ಆಫೀಸಿಗೆ ಹೋಗುತ್ತಿದ್ದ ಗಾಡಿಯೇ ಭಾನುವಾರ ಓಟಕ್ಕೂ ಬರಬೇಕಿತ್ತು.

ಇನ್ನು ಚಾಂಪಿಯನ್‌ಶಿಪ್‌ಗಳ ವಿಷಯಕ್ಕೆ ಬರೋಣ. ಬ್ರಿಟನ್ನಿನ ಸಲೂನ್ ಕಾರ್ ಚಾಂಪಿಯನ್‌ಶಿಪ್ ಶುರುವಾದದ್ದು 1958ರಲ್ಲಿ. ಮೊದಲ ವರ್ಷವೇ ಜ್ಯಾಕ್ ಸಿಯರ್ಸ್ ಮತ್ತು ಟಾಮಿ ಸಾಪ್‌ವಿತ್ ಸಮ ಅಂಕ ಪಡೆದರು. ತೀರ್ಮಾನಕ್ಕಾಗಿ ಇಬ್ಬರಿಗೂ ಒಂದೇ ಬಗೆಯ ರೈಲಿ ಕಾರು ಕೊಟ್ಟು, ಕಾರು ಅದಲುಬದಲು ಮಾಡಿಸಿ ಓಡಿಸಿದರು. ಸಿಯರ್ಸ್ ಗೆದ್ದರು. 1963ರಲ್ಲಿ ಯುರೋಪಿಯನ್ ಟೂರಿಂಗ್ ಕಾರ್ ಚಾಂಪಿಯನ್‌ಶಿಪ್ ಬಂತು. ಜರ್ಮನಿಯ ಪೀಟರ್ ನೊಕರ್ ಜಾಗ್ವಾರ್ ಓಡಿಸಿ ಮೊದಲ ಚಾಂಪಿಯನ್ ಆದರು. ಮರುವರ್ಷವೇ ಆ ಪಟ್ಟ ಪುಟಾಣಿ ಮಿನಿ ಕೂಪರ್ ಓಡಿಸಿದ ವಾರ್ವಿಕ್ ಬ್ಯಾಂಕ್ಸ್ ಪಾಲಾಯಿತು. ಕಾರುಗಳನ್ನು ಎಂಜಿನ್ ಗಾತ್ರದ ಪ್ರಕಾರ ವರ್ಗ ಮಾಡಿ ಅಂಕ ಕೊಡುತ್ತಿದ್ದುದರಿಂದ ಚಿಕ್ಕ ಕಾರಿಗೂ ದೊಡ್ಡ ಪ್ರಶಸ್ತಿ ಸಾಧ್ಯವಿತ್ತು. ಏಷ್ಯಾದಲ್ಲಿ ಮಕಾವು ನಗರದ ಇಕ್ಕಟ್ಟು ಬೀದಿಗಳಲ್ಲಿ 1972ರಿಂದ ಗಿಯಾ ಓಟ ನಡೆಯುತ್ತಾ ಬಂದಿದೆ.

ಈ ಇತಿಹಾಸದ ಒಂದು ಪುಟ ನಮ್ಮ ಮುಂಬಯಿಯ ಬಂದರಿನಲ್ಲೇ ಬರೆದಿದೆ ಎಂಬುದು ನನಗೂ ಇತ್ತೀಚಿನವರೆಗೆ ತಿಳಿದಿರಲಿಲ್ಲ. 1968ರ ನವೆಂಬರ್ 24ರಂದು ಲಂಡನ್ನಿನಿಂದ 98 ಕಾರುಗಳು ಸಿಡ್ನಿಯತ್ತ ಹೊರಟವು. ಇದು ಸುತ್ತು ಹಾಕುವ ಸರ್ಕ್ಯೂಟ್ ಓಟವಲ್ಲ, ಖಂಡಗಳನ್ನು ದಾಟುವ ರ್‍ಯಾಲಿ. ಆದರೆ ಓಡಿದವುಗಳಲ್ಲಿ ಬಹುಪಾಲು ಅದೇ ಜಾತಿಯ ಸಂಸಾರಸ್ಥ ಕಾರುಗಳು. ಪ್ಯಾರಿಸ್, ಇಸ್ತಾಂಬುಲ್, ಟೆಹರಾನ್, ಕಾಬೂಲ್, ದಿಲ್ಲಿ ದಾಟಿ ಮುಂಬಯಿ ತಲುಪುವಾಗ ಉಳಿದದ್ದು 72. ಇಲ್ಲಿಂದ ಎಸ್.ಎಸ್. ಚೂಸಾನ್ ಎಂಬ ಹಡಗು ಅವುಗಳನ್ನು ಹೊತ್ತು ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್‌ಗೆ ಒಯ್ದಿತು. ಭಾರತದಿಂದ ಬೋಂಸಿ ವಾಡಿಯಾ ಅವರ ತಂಡ ಲೋಟಸ್ ಕಾರ್ಟಿನಾ ಕಾರಿನಲ್ಲಿ ಭಾಗವಹಿಸಿತ್ತು. ಲಂಡನ್ನಿನಿಂದ ಹೊರಟವರಲ್ಲಿ ವೋಲ್ವೊ 145 ಕಾರಿನ ಒಂದು ತಂಡದಲ್ಲಿ ನಾಲ್ವರೂ ಹೆಂಗಸರೇ. ಎಲ್ಸಿ ಗ್ಯಾಡ್ ಆ ತಂಡದ ಮುಂದಾಳು. 1968ರಲ್ಲಿ, ಟರ್ಕಿ, ಇರಾನ್, ಅಫ್ಘಾನಿಸ್ತಾನಗಳ ದಾರಿಗೆ!

ಮುಂಬಯಿ ತಲುಪಿದಾಗ ಮುಂದಿದ್ದವರು ಇಂಗ್ಲೆಂಡಿನ ರೋಜರ್ ಕ್ಲಾರ್ಕ್. ಆಸ್ಟ್ರೇಲಿಯಾದಲ್ಲಿ ಅವರ ಎಂಜಿನ್ ಕೈಕೊಟ್ಟಿತು. ಆಮೇಲೆ ಮುಂದೆ ಬಂದ ಬೆಲ್ಜಿಯಂನ ಲೂಸಿಯನ್ ಬಿಯಾಂಕಿ ಅವರ ಸಿಟ್ರೊಯೆನ್, ಗುರಿ ಇನ್ನೇನು ಸಿಕ್ಕಿತು ಎನ್ನುವಾಗ ಎದುರಿನಿಂದ ಬಂದ ಖಾಸಗಿ ಮಿನಿಗೆ ಅಪ್ಪಳಿಸಿತು. ಹಿಂದೆಯೇ ಬಂದ ಪ್ಯಾಡಿ ಹಾಪ್‌ಕಿರ್ಕ್ ಓಟ ಮರೆತು ಗಾಯಾಳುಗಳ ನೆರವಿಗೆ ನಿಂತರು, ಎರಡನೆಯವರಾದರು. ಗೆದ್ದದ್ದು ಸ್ಕಾಟ್ಲೆಂಡಿನ ರೈತ ಕುಟುಂಬದ ಆಂಡ್ರ್ಯೂ ಕೋವನ್, ಅವರ ಕಾರು ಹಿಲ್‌ಮನ್ ಹಂಟರ್. ಥಳಕಿಲ್ಲದ, ಆಫೀಸು ಗುಮಾಸ್ತರು ಕೊಳ್ಳುವಂಥ ಕಾರು. ಅದೇ ಹಂಟರ್ ಇರಾನಿನಲ್ಲಿ ಪೇಕಾನ್ ಎಂಬ ಹೆಸರಿನಲ್ಲಿ ತಯಾರಾಗಿ ದಶಕಗಳ ಕಾಲ ಅಲ್ಲಿಯ ಟ್ಯಾಕ್ಸಿಯಾಯಿತು. ನಮ್ಮ ಪದ್ಮಿನಿಗೆ ಟೆಹರಾನಿನಲ್ಲಿ ಒಬ್ಬ ತಂಗಿ ಇದ್ದಳು ಎನ್ನಬಹುದು.

ರಾಷ್ಟ್ರಮಟ್ಟದಲ್ಲೂ ಖಂಡಮಟ್ಟದಲ್ಲೂ ಇಷ್ಟು ಚೆನ್ನಾಗಿ ಬೆಳೆದ ಈ ಆಟ ವಿಶ್ವ ಚಾಂಪಿಯನ್‌ಶಿಪ್ ಆಗಲು ಹೊರಟಾಗಲೆಲ್ಲ ಎಡವಿದೆ. ಆ ಕಥೆಯೇ ಸ್ವಾರಸ್ಯ.

ಮೊದಲ ಪ್ರಯತ್ನ 1987. ಮಾಂಜಾದಿಂದ ಫ್ಯೂಜಿವರೆಗೆ 11 ಸುತ್ತು. ಮೊದಲ ಓಟದಲ್ಲೇ ಮುಂದೆ ಬಂದ ಬಿಎಂಡಬ್ಲ್ಯು ಎಂ3 ಕಾರುಗಳ ತಂಡಕ್ಕೆ ತಂಡವನ್ನೇ, ಮೈಯ ತಗಡು ನಿಯಮಕ್ಕಿಂತ ಹಗುರವಾಗಿದೆ ಎಂದು, ಅನರ್ಹಗೊಳಿಸಲಾಯಿತು. ಅವುಗಳ ಹಿಂದೆ ಬಂದಿದ್ದ ಆಸ್ಟ್ರೇಲಿಯಾದ ಅಲನ್ ಮೊಫಟ್ ಮತ್ತು ಜಾನ್ ಹಾರ್ವೆ ವಿಜೇತರಾದರು. ಬಾಥರ್ಸ್ಟ್‌ನಲ್ಲಿ ಗೆದ್ದ ಫೋರ್ಡ್ ಸಿಯೆರಾಗಳ ಚಕ್ರದ ಮೇಲಿನ ಕಮಾನು ನಿಯಮಬಾಹಿರ ಎಂದು ಅವುಗಳನ್ನೂ ಹೊರಹಾಕಿ, ಪೀಟರ್ ಬ್ರಾಕ್ ತಂಡಕ್ಕೆ ಪ್ರಶಸ್ತಿ ಕೊಟ್ಟರು. ಕೊನೆಗೆ ಇಟಲಿಯ ರೊಬೆರ್ಟೊ ರವಾಲ್ಯಾ ವಿಶ್ವ ಚಾಂಪಿಯನ್ ಆದರು. ವ್ಯಾಜ್ಯ, ಭಾರಿ ಪ್ರವೇಶ ಶುಲ್ಕ, ಖಂಡಾಂತರ ಸಾಗಾಟದ ಖರ್ಚು ಎಲ್ಲ ಸೇರಿ ಒಂದೇ ವರ್ಷಕ್ಕೆ ಬಾಗಿಲು ಹಾಕಿತು. ಮರುವರ್ಷ ಯುರೋಪಿಯನ್ ಚಾಂಪಿಯನ್‌ಶಿಪ್ಪೂ ನಿಂತಿತು.

ಎರಡನೆಯ ಕಥೆ ಜರ್ಮನಿಯದು. ಅಲ್ಲಿಯ ಡಿಟಿಎಂ ಸರಣಿ ಬಹಳ ಜನಪ್ರಿಯವಾಗಿತ್ತು. ಅದನ್ನು 1996ರಲ್ಲಿ ಇಂಟರ್‌ನ್ಯಾಷನಲ್ ಟೂರಿಂಗ್ ಕಾರ್ ಚಾಂಪಿಯನ್‌ಶಿಪ್ ಎಂದು ಹೆಸರಿಟ್ಟು ಬ್ರೆಜಿಲ್, ಜಪಾನುಗಳವರೆಗೂ ಒಯ್ದರು. ಒಪೆಲ್, ಮರ್ಸಿಡಿಸ್, ಆಲ್ಫಾ ರೋಮಿಯೋ ಪೈಪೋಟಿಗೆ ಬಿದ್ದವು. ಹೊರಗಿನಿಂದ ಮಾತ್ರ ಅದು ಮನೆ ಕಾರು. ಒಳಗೆ ಎಲೆಕ್ಟ್ರಾನಿಕ್ಸ್, ಹೈಡ್ರಾಲಿಕ್ಸ್, ಕಂಪ್ಯೂಟರ್ ನಿಯಂತ್ರಿತ ಡಿಫರೆನ್ಷಿಯಲ್. ಸಾಫ್ಟ್‌ವೇರಿನವಳಾದ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ: ಒಂದೊಂದೇ ಸೌಲಭ್ಯ ಸೇರಿಸುತ್ತಾ ಹೋದರೆ, ಯಾರಿಗಾಗಿ ಮಾಡಿದ್ದೆವು ಎಂಬುದೇ ಮರೆತುಹೋಗುತ್ತದೆ. ಒಪೆಲ್ ಓಡಿಸಿದ ಮಾನ್ಯುಯೆಲ್ ರಾಯ್ಟರ್ ಚಾಂಪಿಯನ್ ಆದರು. ಆ ವರ್ಷದ ಕೊನೆಗೆ ಒಪೆಲ್, ಆಲ್ಫಾ ಎರಡೂ ಖರ್ಚು ತಾಳದೆ ಹೊರನಡೆದವು. ಸರಣಿ ಅಲ್ಲಿಗೇ ಮುಗಿಯಿತು.

ಮೂರನೆಯದು 2005ರಲ್ಲಿ ಮರುಹುಟ್ಟು ಪಡೆದ ವಿಶ್ವ ಟೂರಿಂಗ್ ಕಾರ್ ಚಾಂಪಿಯನ್‌ಶಿಪ್. ಇದು 2017ರವರೆಗೆ ಬಾಳಿತು. ಆಂಡಿ ಪ್ರಿಯೋ ಮೊದಲ ಮೂರು ವರ್ಷ ಸತತ ಗೆದ್ದರು. 2008ರಲ್ಲಿ ಇವಾನ್ ಮುಲ್ಲರ್ ಡೀಸೆಲ್ ಕಾರಿನಲ್ಲಿ ಗೆದ್ದು ಜಗತ್ತನ್ನು ಬೆರಗುಗೊಳಿಸಿದರು. 2012ರಲ್ಲಿ ರಾಬ್ ಹಫ್ ಪ್ರಶಸ್ತಿ ಗೆದ್ದದ್ದು ಶೆವ್ರೊಲೆ ಕ್ರೂಝ್‌ನಲ್ಲಿ. ಆಗ ಅದೇ ಕ್ರೂಝ್ ನಮ್ಮ ಕೆನಡಿ ಬ್ರಿಜ್ ಮೇಲೂ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ನಿಂತಿರುತ್ತಿತ್ತು!

ಈ ಸರಣಿಯ ಒಂದು ನಿಯಮ ನಮ್ಮ ಓದುಗ ಗೆಳತಿಯರಿಗೆ ಹೇಳಲೇಬೇಕು. ಓಟದಲ್ಲಿ ಗೆದ್ದ ಕಾರಿಗೆ ಮುಂದಿನ ಓಟದಲ್ಲಿ ಹೆಚ್ಚುವರಿ ತೂಕ ಹೇರುತ್ತಾರೆ. ಚೆನ್ನಾಗಿ ಓಡಿದಷ್ಟೂ ಭಾರ ಹೆಚ್ಚು. ಇದನ್ನು ಓದಿ ನನಗೆ ನಗು ಬಂತು. ಆಫೀಸಿನಲ್ಲೂ ಮನೆಯಲ್ಲೂ ಚೆನ್ನಾಗಿ ಕೆಲಸ ಮಾಡುವವಳ ತಲೆಯ ಮೇಲೆ ಇನ್ನಷ್ಟು ಕೆಲಸ ಬೀಳುವುದು ನಮಗೇನು ಹೊಸತೇ? ಒಂದೇ ವ್ಯತ್ಯಾಸ. ರೇಸಿನಲ್ಲಿ ಕಾರು ಹಿಂದೆ ಬಿದ್ದರೆ ಆ ತೂಕ ಇಳಿಸುತ್ತಾರೆ. ನಮಗೆ ಇಳಿಸುವವರಿಲ್ಲ.

ಖರ್ಚು ಮತ್ತೆ ಏರತೊಡಗಿದಾಗ, ಹಿಂದೆ ಈ ವಿಶ್ವ ಸರಣಿಯನ್ನೇ ನಡೆಸುತ್ತಿದ್ದ ಇಟಲಿಯ ಮಾರ್ಚೆಲ್ಲೊ ಲೊಟ್ಟಿ 2015ರಲ್ಲಿ 'ಟಿಸಿಆರ್' ಎಂಬ ಹೊಸ ಸೂತ್ರ ತಂದರು. ಎರಡು ಲೀಟರಿನ ಟರ್ಬೊ ಎಂಜಿನ್, ಸುಮಾರು 340 ಅಶ್ವಶಕ್ತಿ, ಮುಂದಿನ ಚಕ್ರಗಳಿಗೆ ಮಾತ್ರ ಚಾಲನೆ. ಕಾರ್ಖಾನೆಗಳು ತಾವೇ ತಂಡ ಕಟ್ಟಿ ಓಡಿಸುವ ಬದಲು ಕಾರು ತಯಾರಿಸಿ ಖಾಸಗಿ ತಂಡಗಳಿಗೆ ಮಾರಬೇಕು. ಬೇರೆ ಬೇರೆ ಕಂಪನಿಯ ಕಾರುಗಳ ಬಲಾಬಲವನ್ನು ತೂಕ, ಎತ್ತರ, ಎಂಜಿನ್ ಶಕ್ತಿ ಹೊಂದಿಸಿ ಸಮಗೊಳಿಸುತ್ತಾರೆ. 2018ರಿಂದ ವಿಶ್ವಮಟ್ಟದ ಸರಣಿಯೂ ಈ ಸೂತ್ರಕ್ಕೆ ಬಂತು. ಆ ವರ್ಷ ಗೆದ್ದದ್ದು ಗಾಬ್ರಿಯೆಲೆ ತಾರ್ಕ್ವೀನಿ, ಹ್ಯುಂಡೈ ಐ30 ಕಾರಿನಲ್ಲಿ. ಅವರ ವಯಸ್ಸು ಎಷ್ಟೆಂದುಕೊಂಡಿರಿ? 56! 2009ರಲ್ಲಿ 47ನೇ ವಯಸ್ಸಿನಲ್ಲಿ ಗೆದ್ದಾಗಲೇ ಜನ ಮುದುಕ ಎಂದಿದ್ದರು. 2022ಕ್ಕೆ ಆ ಸರಣಿಯೂ ನಿಂತು, 2023ರಿಂದ ಟಿಸಿಆರ್ ವರ್ಲ್ಡ್ ಟೂರ್ ಎಂಬ ರೂಪ ತಾಳಿದೆ. ಪ್ರತ್ಯೇಕ ವಿಶ್ವ ಸರಣಿಯ ಬದಲು, ಬೇರೆ ಬೇರೆ ದೇಶ, ಪ್ರದೇಶಗಳಲ್ಲಿ ಆಗಲೇ ನಡೆಯುತ್ತಿರುವ ಓಟಗಳಿಗೇ ವಿಶ್ವಮಟ್ಟದವರು ಹೋಗಿ ಸೇರಿಕೊಳ್ಳುತ್ತಾರೆ. ಮೂರು ಸಲ ಎಡವಿದ ಮೇಲೆ ಕಲಿತ ಪಾಠ ಇದು: ಮನೆ ಕಾರಿನ ಆಟ ಮನೆಯವರ ಕೈಗೆಟುಕುವಂತಿದ್ದರೆ ಮಾತ್ರ ಉಳಿಯುತ್ತದೆ.

ಆದರೆ ಕೈಗೆಟುಕುವುದು ಎಂದರೆ ಬರೀ ದುಡ್ಡಿನ ಮಾತೇ? ಕೀಲಿಕೈ ಯಾರ ಕೈಗೆ ಎಂಬ ಪ್ರಶ್ನೆಯೂ ಇದೆಯಲ್ಲ. ಇಲ್ಲಿ ಮೂರು ಹೆಸರುಗಳನ್ನು ನೆನೆಯಬೇಕು. ಬೆಲ್ಜಿಯಂನ ಇವೆಟ್ ಫಾಂಟೇನ್ 1969ರಲ್ಲೇ ತಮ್ಮ ದೇಶದ ಟೂರಿಂಗ್ ಕಾರ್ ಚಾಂಪಿಯನ್ ಆದರು. ಮಹಿಳೆಯರ ವಿಭಾಗದಲ್ಲಿ ಅಲ್ಲ, ಎಲ್ಲರ ನಡುವೆ. ಜರ್ಮನಿಯ ಎಲೆನ್ ಲೋರ್ 1992ರಲ್ಲಿ ಹಾಕೆನ್‌ಹೈಮ್‌ನಲ್ಲಿ ಮರ್ಸಿಡಿಸ್ ಓಡಿಸಿ ಡಿಟಿಎಂ ಓಟ ಗೆದ್ದರು.

ಮೂರನೆಯವರು ಸಬೀನೆ ಶ್ಮಿಟ್ಸ್. ಇವರ ಕಥೆ ನಮ್ಮವರಿಗೆ ಹತ್ತಿರದ್ದು, ಯಾಕೆಂದರೆ ಇವರು ಹೋಟೆಲಿನವರ ಮಗಳು. ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಎಂಬ ಓಟದ ಹಾದಿಯ ಮಗ್ಗುಲಲ್ಲೇ ಅಪ್ಪ ಅಮ್ಮನ ಹೋಟೆಲು; ತಾವೂ ಹೋಟೆಲ್ ಕೆಲಸವನ್ನೇ ಕಲಿತವರು. ಅಲ್ಲಿಯ ಉತ್ತರದ ಸುತ್ತು ಸುಮಾರು 20.8 ಕಿಲೋಮೀಟರ್, ಕಾಡು ಗುಡ್ಡಗಳ ನಡುವೆ ತಿರುವೋ ತಿರುವು. ಸಬೀನೆ ಆ ಹಾದಿಯಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು 'ರಿಂಗ್ ಟ್ಯಾಕ್ಸಿ' ಓಡಿಸುತ್ತಿದ್ದರು. 1996 ಮತ್ತು 1997ರಲ್ಲಿ ಅಲ್ಲಿಯ 24 ಗಂಟೆಗಳ ಓಟವನ್ನು ತಮ್ಮ ತಂಡದೊಂದಿಗೆ ಗೆದ್ದರು. 2015ರಲ್ಲಿ ವಿಶ್ವ ಟೂರಿಂಗ್ ಕಾರ್ ಚಾಂಪಿಯನ್‌ಶಿಪ್ ಅದೇ ಹಾದಿಗೆ ಬಂದಾಗ ಕ್ರೂಝ್ ಓಡಿಸಿ ಹತ್ತನೆಯವರಾಗಿ ಅಂಕ ಪಡೆದರು. 2021ರಲ್ಲಿ, ಇನ್ನೂ 51ರ ವಯಸ್ಸಿನಲ್ಲಿ, ಕ್ಯಾನ್ಸರ್ ಅವರನ್ನು ಕೊಂಡೊಯ್ದಿತು. ಆ ಹಾದಿಯ ಒಂದು ತಿರುವಿಗೆ ಈಗ ಅವರ ಹೆಸರಿದೆ.

ನಮ್ಮಲ್ಲೂ ಹಾದಿ ತೆರೆದಿದೆ. ಚೆನ್ನೈ ಬಳಿಯ ಇರುಂಗಾಟ್ಟುಕೋಟೈ, ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇಗಳಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನ 'ಇಂಡಿಯನ್ ಟೂರಿಂಗ್ ಕಾರ್ಸ್' ವರ್ಗದ ಓಟಗಳು ನಡೆಯುತ್ತವೆ. ಚೆನ್ನೈನ ಅಲಿಶಾ ಅಬ್ದುಲ್ಲಾ ಬೈಕಿನಿಂದ ಕಾರಿಗೆ ಬಂದು ಫೋಕ್ಸ್‌ವ್ಯಾಗನ್ ಪೋಲೊ ಕಪ್‌ನಲ್ಲಿ ಗಂಡಸರ ಜೊತೆ ಓಡಿಸಿದರು. ಮುಂಬಯಿಯಲ್ಲಿ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್, 1919ರಲ್ಲಿ ಹುಟ್ಟಿದ ಸಂಸ್ಥೆ, ಮಹಿಳೆಯರಿಗೆಂದೇ 'ರ್‍ಯಾಲಿ ಟು ದ ವ್ಯಾಲಿ' ನಡೆಸುತ್ತಾ ಬಂದಿದೆ.

ಇಂಥ ರ್‍ಯಾಲಿಯಲ್ಲಿ ವೇಗದ ಪೈಪೋಟಿ ಇರುವುದಿಲ್ಲ. ಕೊಟ್ಟ ಸರಾಸರಿ ವೇಗದಲ್ಲಿ, ಕೊಟ್ಟ ದೂರವನ್ನು, ಕೊಟ್ಟ ಸಮಯಕ್ಕೆ ಸರಿಯಾಗಿ ಮುಟ್ಟಬೇಕು. ಬೇಗ ಹೋದರೂ ದಂಡ, ತಡವಾದರೂ ದಂಡ. ಉದಾಹರಣೆಗೆ ಗಂಟೆಗೆ 36 ಕಿಲೋಮೀಟರ್ ಎಂದು ಕೊಟ್ಟಿದ್ದರೆ ಪ್ರತಿ ಕಿಲೋಮೀಟರಿಗೆ ಸರಿಯಾಗಿ 100 ಸೆಕೆಂಡು. ಏಳೂವರೆ ಕಿಲೋಮೀಟರ್ ಎಂದರೆ ಹನ್ನೆರಡೂವರೆ ನಿಮಿಷ. ಸ್ಟಿಯರಿಂಗ್ ಹಿಡಿದವಳಷ್ಟೇ, ಪಕ್ಕದಲ್ಲಿ ಕೂತು ದಾರಿಯ ಗುರುತು ಓದುತ್ತಾ ಲೆಕ್ಕ ಹೇಳುವ ನ್ಯಾವಿಗೇಟರೂ ಮುಖ್ಯ. ಅವಳ ಲೆಕ್ಕ ತಪ್ಪಿದರೆ ಡ್ರೈವರ್ ಎಷ್ಟು ಜಾಣೆಯಾಗಿದ್ದರೂ ಪ್ರಯೋಜನವಿಲ್ಲ.

ಇದನ್ನು ಅಮ್ಮನಿಗೆ ವಿವರಿಸಿದೆ. ಮೂವತ್ತು ವರ್ಷ ಮನೆಯ ಖರ್ಚಿನ ಡೈರಿಯನ್ನು ಪೈಸೆ ತಪ್ಪದೆ ಬರೆದವಳು ಅವಳು. ಕೇಳಿಸಿಕೊಂಡು, "45ರ ವೇಗ ಆದರೆ ಕಿಲೋಮೀಟರಿಗೆ 80 ಸೆಕೆಂಡು" ಎಂದಳು. ನಾನು ಮೊಬೈಲಿನಲ್ಲಿ ನೋಡಿದೆ. ಸರಿಯಿತ್ತು.

"ಪಕ್ಕದ ಸೀಟೇ ಆಯಿತಲ್ಲ ಮತ್ತೆ?" ಎಂದೆ, ಸ್ವಲ್ಪ ಅಳುಕಿನಿಂದಲೇ.

"ಆಗ ಸುಮ್ಮನೆ ಕೂತಿರುತ್ತಿದ್ದೆ. ಈಗ ಎಲ್ಲಿ ತಿರುಗಬೇಕು ಅಂತ ನಾನು ಹೇಳುವುದು, ನೀನು ಕೇಳುವುದು" ಎಂದಳು. ಮರುದಿನ ಹೊಸ ಲರ್ನಿಂಗ್ ಲೈಸೆನ್ಸಿಗೆ ಯಾವ ಯಾವ ಕಾಗದ ಬೇಕು ಎಂದು ಕೇಳಿದಳು. ತಾಡ್‌ದೇವ್ ಆರ್‌ಟಿಓ ಮನೆಯಿಂದ ಹತ್ತು ನಿಮಿಷದ ದಾರಿ.

ಗೆಳತಿಯರೇ, ನಮ್ಮ ಮಹಿಳಾ ವಿಭಾಗದಿಂದ ಮುಂದಿನ ರ್‍ಯಾಲಿಗೆ ಎರಡು ಮೂರು ಕಾರು ಹೊರಡಿಸಬಾರದೇಕೆ? ಮನೆಯ ಕಾರೇ ಸಾಕು, ಅದಕ್ಕೆ ಬೇರೆ ಏನೂ ಜೋಡಿಸಬೇಕಿಲ್ಲ. ಕೀಲಿಕೈ ಮಾತ್ರ ನಾವೇ ಎತ್ತಿಕೊಳ್ಳಬೇಕು. ನಮ್ಮ ಕಾರಿನ ನ್ಯಾವಿಗೇಟರ್ ಜಾಗಕ್ಕೆ ಹೆಸರು ಆಗಲೇ ಬಂದಿದೆ. ಉಳಿದ ಕಾರುಗಳಿಗೆ ಹೆಸರು ಕೊಡುವವರು ಬೇಗ ಕೊಡಿ.